ಪೋರ್ಟ್ ಕಿರಿದಾಗಿಸಿ ಘಾಟಿ ಹತ್ತಿಸಿದ ಬುಲೆಟ್

ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ 350 ಬುಲೆಟ್ಟಿನ ಇನ್‌ಟೇಕ್ ಪೋರ್ಟನ್ನು, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ ಎಂಜಿನ್ನಿನೊಳಗೆ ಹೋಗುವ ದಾರಿಯನ್ನು, ಹಿಗ್ಗಿಸುವ ಬದಲು ಕುಗ್ಗಿಸುತ್ತೇನೆ ಎಂದಾಗ, ನನಗೆ ಕೆಲಸ ಕಲಿಸಿದವರೂ ಒಪ್ಪಿರಲಿಲ್ಲ. ಈಗ ಹಾಗೆ ಸಿದ್ಧಪಡಿಸಿದ ಹನ್ನೊಂದು ಹೆಡ್‌ಗಳು (ಪೋರ್ಟು, ವಾಲ್ವುಗಳಿರುವ ಸಿಲಿಂಡರಿನ ಮೇಲ್ಮುಚ್ಚಳ) ಮೂಡಿಗೆರೆ, ಚಿಕ್ಕಮಗಳೂರು ಸುತ್ತಿನ ತೋಟದ ರಸ್ತೆಗಳಲ್ಲಿ ಓಡುತ್ತಿವೆ.

ಮೊದಲು ನಾನೂ ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಪೋರ್ಟನ್ನು ಧಾರಾಳವಾಗಿ ಕೊರೆದು, ಗಾಳಿಗೆ ಪೆಟ್ರೋಲ್ ಬೆರೆಸುವ 24 ಮಿ.ಮೀ. ಕಾರ್ಬುರೇಟರ್ ತೆಗೆದು 28ರದ್ದನ್ನು ಕೂರಿಸಿದೆ. ಲೇತ್ ಕೆಲಸವೂ ಸೇರಿ ಸುಮಾರು ಹದಿನೆಂಟು ಸಾವಿರ ರೂಪಾಯಿ ಹೋಯಿತು. ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತಾದರೂ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವೇಗ ಇಳಿದು ಮತ್ತೆ ಥ್ರಾಟಲ್ ಕೊಟ್ಟರೆ ಕೆಮ್ಮುತ್ತಿತ್ತು, ಲೀಟರಿಗೆ 32 ಕಿ.ಮೀ. ಇದ್ದ ಮೈಲೇಜು 24ಕ್ಕೆ ಬಂದು ನಿಂತಿತು. ಕಾರ್ಬುರೇಟರಿನ ಕಂಠದ ವ್ಯಾಸ 24ರಿಂದ 28ಕ್ಕೆ ಹೋದರೆ ವಿಸ್ತೀರ್ಣ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ, ಮೊದಲಿನಷ್ಟೇ ಗಾಳಿ ಹರಿಯುವಾಗ ಅದರ ವೇಗ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇಟ್ಟುಕೊಂಡು ನಿಧಾನವಾಗಿ ತಿರುಗುವ ಎಂಜಿನ್ನಿಗೆ ಅದು ಸಲ್ಲದು ಎಂಬುದು ದುಡ್ಡು ಕಳೆದ ಮೇಲೆಯೇ ನನಗೆ ಮನದಟ್ಟಾಯಿತು.

ಆಮೇಲೆ ವ್ಯಾಕ್ಯೂಮ್ ಕ್ಲೀನರಿನ ಮೂರು ಮೋಟಾರು, ಪಿವಿಸಿ ಕೊಳವೆ ಮತ್ತು ಬಣ್ಣದ ನೀರು ತುಂಬಿದ ಪಾರದರ್ಶಕ ನಳಿಕೆಯಿಂದ, ಪೋರ್ಟಿನಲ್ಲಿ ಗಾಳಿಯ ಹರಿವು ಅಳೆಯುವ ಫ್ಲೋ ಬೆಂಚ್ ಕಟ್ಟಿದೆ. ದೊಡ್ಡ ಗ್ಯಾರೇಜುಗಳಂತೆ 28 ಇಂಚು ನೀರಿನ ಒತ್ತಡ ನಿಲ್ಲದಿದ್ದರೂ, 10 ಇಂಚಿನಲ್ಲಿ ಒಂದು ಹೆಡ್ಡನ್ನು ಇನ್ನೊಂದರೊಡನೆ ಹೋಲಿಸಲು ಅಡ್ಡಿಯಿಲ್ಲ. ತಂತಿಯ ತುದಿಗೆ ಹತ್ತಿಯ ನೂಲು ಕಟ್ಟಿ ಪೋರ್ಟಿನೊಳಗೆ ಆಡಿಸಿದೆ. ಮೇಲ್ಭಾಗದಲ್ಲಿ ನೂಲು ಬಾಣದಂತೆ ನೆಟ್ಟಗೆ ನಿಂತಿತು. ಕೆಳಗೆ, ವಾಲ್ವ್ ಸೀಟಿಗೆ (ವಾಲ್ವ್ ಮುಚ್ಚಿದಾಗ ಕೂರುವ ಬಳೆಗೆ) ಇಳಿಯುವ ಒಳತಿರುವಿನಲ್ಲಿ, ಗಿರ್ರನೆ ಸುತ್ತಿ ಹಿಂದಕ್ಕೆ ಮಡಚಿಕೊಂಡಿತು. ಅಲ್ಲಿ ಗಾಳಿ ಗೋಡೆ ಬಿಟ್ಟು ಹಾರುತ್ತಿತ್ತು. ಆ ತಿರುವನ್ನೇ ಉಜ್ಜಿ ತಗ್ಗಿಸಿದ್ದು ನನ್ನ ದೊಡ್ಡ ತಪ್ಪು: ಹರಿವು ಹೆಚ್ಚುವ ಬದಲು ಕಡಿಮೆಯಾಯಿತು. ವೆಲ್ಡ್ ಮಾಡಿ ಸರಿಪಡಿಸಲು ಕೊಟ್ಟರೆ ಶಾಖಕ್ಕೆ ಸೀಟು ಸಡಿಲಗೊಂಡು ಆ ಹೆಡ್ ಗುಜರಿಗೆ ಹೋಯಿತು.

ತುಂಬಿಸಿದರೆ ಹೇಗೆ ಎಂದು ಹೊಳೆದದ್ದು ಆಗ. ಮಕ್ಕಳು ಆಡುವ ಮೇಣದ ಮಣ್ಣನ್ನು ಪೋರ್ಟಿನ ತಳಕ್ಕೆ ಮೆತ್ತಿ, ನೂಲು ಎಲ್ಲೆಡೆ ನೆಟ್ಟಗೆ ನಿಲ್ಲುವವರೆಗೆ ತಿದ್ದಿ, ಅದೇ ಆಕಾರವನ್ನು ಗಟ್ಟಿಯಾಗುವ ಅಂಟಾದ ಎಪಾಕ್ಸಿಯಲ್ಲಿ ಎಬ್ಬಿಸಿದೆ. ಮೊದಲ ಲೇಪ ಎರಡೇ ತಿಂಗಳಿಗೆ ಪೆಟ್ರೋಲಿನಲ್ಲಿ ಮೆತ್ತಗಾಗಿ, ಒಂದು ಚೂರು ಕಿತ್ತು ವಾಲ್ವಿನಡಿ ಸಿಕ್ಕಿಕೊಂಡಿತು. ಗಿರಾಕಿಗೆ ಹೊಸ ವಾಲ್ವನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ. ಈಗ ತಳಕ್ಕೆ ಗೀರು ಹಾಕಿ, ಅಸಿಟೋನಿನಲ್ಲಿ ತೊಳೆದು, ಹದವಾದ ಶಾಖದಲ್ಲಿ ಗಟ್ಟಿಗೊಳಿಸುತ್ತೇನೆ. ಯಾವ ಎಪಾಕ್ಸಿ, ಎಷ್ಟು ಹೊತ್ತು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸೀಟಿಗೆ 30, 45, 60 ಡಿಗ್ರಿಯ ಮೂರು ಕೋನ ಕೊಟ್ಟು, ವಾಲ್ವಿನ ಕಡ್ಡಿ ಜಾರುವ ಗೈಡಿನ ಉಬ್ಬನ್ನು ನೀರಹನಿಯಂತೆ ತೀಡಿ, ಮತ್ತೆ 24ರ ಕಾರ್ಬುರೇಟರನ್ನೇ ಕೂರಿಸುತ್ತೇನೆ.

ನಡುವೆ ಸಿಲ್ವರ್ ಓಕ್ ಮರದಲ್ಲಿ ಗಂಟೆಬಾಯಿಯೊಂದನ್ನು (ಗಾಳಿ ಸಲೀಸಾಗಿ ನುಗ್ಗಲು ಗಂಟೆಯಂತೆ ಅಗಲಿಸಿದ ಬಾಯಿ) ಕಡೆಸಿ ಕಾರ್ಬುರೇಟರಿಗೆ ಹಿಡಿದೆ. ಬೆಂಚಿನಲ್ಲಿ ನಾಲ್ಕೈದು ಶೇಕಡಾ ಲಾಭ ಕಂಡಿತು, ಆದರೆ ಏರ್ ಫಿಲ್ಟರ್ ಜೋಡಿಸಲು ಜಾಗ ಉಳಿಯದೆ ಕೈಬಿಟ್ಟೆ.

ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಶಾಖಕ್ಕೆ ಎಪಾಕ್ಸಿ ತಾಳುವುದಿಲ್ಲ; ಅಲ್ಲಿ ಎರಕದ ಗಂಟುಗಳನ್ನು ನಯಗೊಳಿಸಿದರೆ ಸಾಕು. ನಿಜವಾದ ಕೆಲಸವಿರುವುದು ಹೆಡ್ಡಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ. ಸೈಲೆನ್ಸರ್ ಒಳಗಿನ ತಡೆ ಕಿತ್ತರೆ ಸದ್ದು ಏರಿ ಕೆಳವೇಗದ ಎಳೆತ ಹೋಗುವುದರಿಂದ ಅದನ್ನು ಮುಟ್ಟದೆ, ಒಂದರೊಳಗೊಂದು ಜಾರುವ ಪೈಪು ಮಾಡಿಸಿ ಇಂಚಿಂಚು ಬದಲಿಸುತ್ತ ಉದ್ದವನ್ನು ಕಂಡುಕೊಂಡೆ. ಉದ್ದ ಹೆಚ್ಚಿದಂತೆ ಪೈಪಿನ ತುದಿಯಿಂದ ಮರಳುವ ಒತ್ತಡದ ಅಲೆ ತಡವಾಗಿ ತಲುಪಿ, ಒಳ್ಳೆಯ ಎಳೆತ ಸಿಗುವ ಹಂತ ಕಡಿಮೆ ಆರ್‌ಪಿಎಮ್ಮಿಗೆ (ನಿಮಿಷದ ಸುತ್ತುಗಳಿಗೆ) ಇಳಿಯುತ್ತದೆ. ನಾನು ನಿಲ್ಲಿಸಿದ ಅಳತೆ ಕಂಪನಿಯ ಪೈಪಿಗಿಂತ ತುಸು ಉದ್ದ ಎಂದಷ್ಟೇ ಹೇಳುತ್ತೇನೆ.

ಒಟ್ಟು ಖರ್ಚು ಆರೂವರೆ ಸಾವಿರ ದಾಟುವುದಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ, ಈ ಕೆಲಸದ ಬಗ್ಗೆ ಅನುಮಾನಪಟ್ಟಿದ್ದ ಗೆಳೆಯನೊಬ್ಬನನ್ನೇ ಹಿಂದೆ ಕೂರಿಸಿಕೊಂಡು ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತಿದೆ. ಮೊದಲು ಎರಡನೇ ಗೇರಿಗೆ ಇಳಿಸಲೇಬೇಕಿದ್ದ ತಿರುವುಗಳಲ್ಲಿ ಬಹುಪಾಲನ್ನು ಮೂರರಲ್ಲೇ ದಾಟಿದೆವು. ಮರುವಾರ ಅವನು ತನ್ನ ಬುಲೆಟ್ಟಿನ ಹೆಡ್ ಬಿಚ್ಚಿಕೊಂಡು ಬಂದ, ಅದೇ ಹನ್ನೊಂದನೆಯದು.