ಕಡಿಮೆ ಬೆಲೆಯ ಏರ್‌ಬ್ರಷ್‌ನಲ್ಲೇ 1/72 ಮಚ್ಚೆ ಬಂತು

"ಜಪಾನಿನ ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್ನು) ತಗೋ, ಇಲ್ಲಾಂದ್ರೆ ಮಚ್ಚೆ ಕೆಲಸದ ಆಸೆ ಬಿಡು" ಅಂತ ಮಾದರಿ ವಿಮಾನ ಕಟ್ಟುವ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ 1/72 (ನಿಜದ ವಿಮಾನದ 72ನೇ ಒಂದು ಪಾಲು ಅಳತೆಯ) ಮೆಸ್ಸರ್‌ಸ್ಮಿಟ್ ಬಿಎಫ್ 109 ಜಿ, ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನದ ಮಾದರಿ, ಮುಗಿದಿದೆ. ಎರಡೂ ಪಕ್ಕದ ಮಚ್ಚೆಗಳನ್ನು (ವಿಮಾನವನ್ನು ಮರೆಮಾಚುವ ಬಣ್ಣದ ಚುಕ್ಕೆಗಳು) ಮಾಸ್ಕ್, ಅಂದರೆ ಅಂಚು ಮುಚ್ಚುವ ಟೇಪು, ಇಲ್ಲದೆ ಕೈಯಲ್ಲೇ ಹೊಡೆದೆ. ನಿಜವಾದ ವಿಮಾನದಲ್ಲಿ ಒಂದಡಿ ಅಗಲದ ಮಚ್ಚೆ ಈ ಅಳತೆಯಲ್ಲಿ 4 ಮಿ.ಮೀ. ಆಗುತ್ತದೆ. ಅಂಚು ಮೆತ್ತಗೆ ಕರಗಬೇಕು, ಸುತ್ತ ಹನಿ ಸಿಡಿಯಬಾರದು. ಇದನ್ನು ಮಾಡಿದ್ದು ಸುಮಾರು 1,800 ರೂಪಾಯಿಯ ಚೀನಾ ಗನ್ನು. ಗ್ರಾವಿಟಿ ಫೀಡ್ (ಬಣ್ಣದ ಬಟ್ಟಲು ಮೇಲಿರುತ್ತದೆ), ಡಬಲ್ ಆಕ್ಷನ್ (ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ), 0.3 ಮಿ.ಮೀ. ನಾಝಲ್ (ಬಣ್ಣ ಹೊರಬರುವ ಮೂತಿ).

ದುಡ್ಡು ಹಾಕಬೇಕಾದ್ದು ಗನ್ನಿಗಲ್ಲ, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್‌ಗೆ. ಮೊದಲು ನನ್ನ ಹತ್ತಿರ ಇದ್ದದ್ದು ಟ್ಯಾಂಕ್ ಇಲ್ಲದ ಪುಟ್ಟ ಕಂಪ್ರೆಸರ್, ಮೂರೂವರೆ ಸಾವಿರದ್ದು. ಗಾಳಿ ಮಿಡಿಯುತ್ತಾ ಬರುತ್ತಿತ್ತು. ದೊಡ್ಡ ರೆಕ್ಕೆಗೆ ಬೇಸ್ ಕೋಟ್ ಹೊಡೆಯುವಾಗ ಗೊತ್ತಾಗಲ್ಲ. ಸಣ್ಣ ಗೆರೆ ಎಳೆದರೆ ಮಣಿ ಪೋಣಿಸಿದ ಹಾಗೆ ಬೀಳುತ್ತದೆ. ಅರ್ಧ ಗಂಟೆಗೆ ಮೈ ಕಾದು ಕೂರುತ್ತಿತ್ತು. ಅದರ ಜೊತೆ ಒಬ್ಬ ಗೆಳೆಯನ ದುಬಾರಿ ಗನ್ ಜೋಡಿಸಿ ನೋಡಿದೆ, ಅದೇ ಮಣಿ ಸಾಲು! ಆಮೇಲೆ 3 ಲೀಟರ್ ಟ್ಯಾಂಕ್, ಒತ್ತಡ ಹೊಂದಿಸುವ ರೆಗ್ಯುಲೇಟರ್, ನೀರು ಹಿಡಿಯುವ ಫಿಲ್ಟರ್ ಇರುವುದನ್ನು ತಂದೆ. ಒಂಬತ್ತು ಸಾವಿರದ ಆಸುಪಾಸು ಆಯಿತು. ಅವತ್ತಿನಿಂದ ಅದೇ ಅಗ್ಗದ ಗನ್ನಿನ ಗೆರೆ ನೆಟ್ಟಗಾಯಿತು. ಈ ಗನ್ನೂ ಹೊಸ ಕಂಪ್ರೆಸರ್ರೂ ಸೇರಿ ಹನ್ನೆರಡು ಸಾವಿರ ದಾಟಿಲ್ಲ. ಜಪಾನಿನ ಗನ್ ಒಂದಕ್ಕೇ ಅಷ್ಟು ಕೇಳುತ್ತಿದ್ದರು.

ಅಗ್ಗದ ಗನ್ನಿಗೆ ತೊಂದರೆ ಇಲ್ಲ ಅಂತಲ್ಲ. ಅದರ ನಾಝಲ್ ಕಾಳಿನಷ್ಟು ಸಣ್ಣದು, ತಿರುಪಿನದು. ಸ್ಪ್ಯಾನರ್ ಸ್ವಲ್ಪ ಜಾಸ್ತಿ ತಿರುಗಿದರೂ ತಿರುಪು ಒಳಗೇ ಮುರಿಯುತ್ತದೆ. ನನ್ನದು ಹಾಗೆ ಮುರಿದ ಮೇಲೆ ಸ್ಪೇರ್ ನಾಝಲ್ ಸೆಟ್ ಯಾವಾಗಲೂ ಇಟ್ಟಿರುತ್ತೇನೆ, ಮುನ್ನೂರೋ ನಾನೂರೋ ಅಷ್ಟೇ. ಒಳಗಿನ ರಬ್ಬರ್ ಓ-ರಿಂಗ್ ಎನ್‌ಸಿ ಥಿನ್ನರ್ (ಬಣ್ಣ ಕರಗಿಸುವ ದ್ರವ) ಕುಡಿದು ಊದಿಕೊಂಡಿತು, ಬಣ್ಣದ ಹರಿವನ್ನು ಹಿಡಿತದಲ್ಲಿಡುವ ನೀಡಲ್ ಅಲ್ಲಾಡದೆ ನಿಂತಿತು. ಟೆಫ್ಲಾನ್ ವಾಷರ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಕೊಳ್ಳುವಾಗ ಇದೊಂದನ್ನು ಕೇಳಿ: ಒಳಗಿನ ಸೀಲು ಟೆಫ್ಲಾನಿನದಾ, ರಬ್ಬರಿನದಾ?

ಕಂಪನಿಯಿಂದ ಬಂದ ನೀಡಲ್ಲನ್ನು ಹಾಗೇ ಬಳಸಬೇಡಿ. 2000 ನಂಬರ್ ವಾಟರ್ ಪೇಪರ್ ಮೇಲೆ, ತುದಿ ಹಿಂದಕ್ಕಿರಿಸಿ, ತಿರುಗಿಸುತ್ತಾ ಎಳೆಯಿರಿ. ಆಮೇಲೆ ಮೆಟಲ್ ಪಾಲಿಶ್. ಕನ್ನಡಿಯಂತೆ ಹೊಳೆಯುವ ನೀಡಲ್ ಮೇಲೆ ಬಣ್ಣ ಕೂರುವುದು ಕಡಿಮೆ. ನನ್ನ ಮಟ್ಟಿಗೆ 1,800ಕ್ಕೂ 12,000ಕ್ಕೂ ಇರುವ ಅಂತರದಲ್ಲಿ ಅರ್ಧ ಇಲ್ಲೇ ಮುಚ್ಚಿಹೋಗುತ್ತದೆ.

ಮಚ್ಚೆಗೆ ಟಾಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಥಿನ್ನರ್, ನಂದಿನಿ ನೀಲಿ ಪ್ಯಾಕೆಟ್ ಹಾಲಿಗಿಂತ ತೆಳು. ಒತ್ತಡ 10–12 ಪಿಎಸ್‌ಐ, ದೂರ ಒಂದೆರಡು ಸೆಂ.ಮೀ. ಮೈಸೂರಿನ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕಲ್ಲ, ಒಣ ಗಾಳಿಗೆ ನೀಡಲ್ ತುದಿಯಲ್ಲೇ ಬಣ್ಣ ಕಟ್ಟಿಕೊಳ್ಳುತ್ತದೆ. ಕುವೆಂಪುನಗರದ ನಮ್ಮ ಮನೆ ಮಹಡಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಮುಗಿಸುತ್ತೇನೆ. ಥಿನ್ನರ್ ಜೊತೆ ಇನ್ನೊಂದು ಪದಾರ್ಥದ ಎರಡು ಹನಿ ಬೀಳುತ್ತದೆ. ಅದರ ಹೆಸರು ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

0.2 ನಾಝಲ್ ಬೇಕೇ ಬೇಕು ಅನ್ನುವವರಿದ್ದಾರೆ. ನಾನೂ ಹಾಕಿ ನೋಡಿದೆ. ಅರ್ಧ ಸಮಯ ಅದನ್ನು ತೊಳೆಯುವುದರಲ್ಲೇ ಹೋಗುತ್ತದೆ, ವೈಟ್ ಬಣ್ಣಕ್ಕಂತೂ ಬೇಡವೇ ಬೇಡ. 0.5 ಮಾತ್ರ ಇರಲಿ, ಪ್ರೈಮರ್‌ಗೂ ಮೆಟಾಲಿಕ್‌ಗೂ ಬೇಕು. ನವರಾತ್ರಿಗೆ ಮುಂಚೆ ಅತ್ತೆಯವರ ಮನೆಯ ಗೊಂಬೆಗಳಿಗೆ ಅದರಲ್ಲೇ ಚಿನ್ನದ ಬಣ್ಣ ಹೊಡೆದುಕೊಟ್ಟೆ. ಸೀರೆಯ ಮಡಿಕೆಗೆ ಗಾಢ ಕೆಂಪಿನ ನೆರಳು ಕೊಟ್ಟಾಗ ಮರದ ಗೊಂಬೆಗೆ ಬಟ್ಟೆ ಉಡಿಸಿದಂತೆಯೇ ಬಂತು. ಪಟ್ಟದ ಗೊಂಬೆಗೆ ಮಾತ್ರ ಕೈ ಹಚ್ಚಲಿಲ್ಲ, ಅದರ ಹಳೆಯ ಬಣ್ಣವೇ ಚೆಂದ. ಈ ಸಲ ಅಕ್ಕಪಕ್ಕದವರೂ ಗೊಂಬೆ ತಂದು ಇಟ್ಟಿದ್ದಾರೆ, ಅದಕ್ಕೇ 0.5ಕ್ಕೆ ಅಂತಲೇ ಇನ್ನೊಂದು ಗನ್ ತರಿಸುತ್ತಿದ್ದೇನೆ. ಅದೂ ಅಗ್ಗದ್ದೇ.