ಮಳೆಗಾಲದ ತರಕಾರಿ ಪಾತಿಯಲ್ಲಿ ಸಿಂಬಳದ ಹುಳು: ನಾನು ಹಿಡಿಯುವ ಕ್ರಮ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹರಿವೆ, ಬೀನ್ಸ್, ಸೌತೆ ಏನೇ ಹಾಕಿದರೂ ಎರಡೆಲೆ ಬಿಡುವ ಹೊತ್ತಿಗೆ ಸಿಂಬಳದ ಹುಳು (ಚಿಪ್ಪಿಲ್ಲದ ಬಸವನಹುಳು, ಸ್ಲಗ್) ಸವರಿ ಹಾಕುತ್ತದೆ. ಈಗೀಗ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟವೂ ಸೇರಿದೆ. ಎರಡಕ್ಕೂ ನನ್ನ ದಾರಿ ಒಂದೇ: ಅಡಗಲು ಜಾಗ ನಾವೇ ಇಟ್ಟು, ಅಲ್ಲಿಂದ ಹೆಕ್ಕುವುದು. ಬೂದಿ, ಸುಣ್ಣದ ಪುಡಿಯ ಗೆರೆ ಒಣಗಿದ್ದಾಗ ಮಾತ್ರ ತಡೆಯುತ್ತದೆ. ನಮ್ಮ ಮಳೆಗೆ ಅದು ಒಂದು ರಾತ್ರಿಯೂ ನಿಲ್ಲುವುದಿಲ್ಲ.

ಮೊದಲು ಎಲೆ ತಿಂದವರು ಯಾರೆಂದು ನೋಡಿ. ಹಿಕ್ಕೆ ಮಾತ್ರ ಇದ್ದು ಲೋಳೆಯ ಗುರುತಿಲ್ಲದಿದ್ದರೆ ಅದು ಕಂಬಳಿಹುಳುವಿನಂಥದ್ದು. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಎಲೆ ಮೇಲೆ, ಮಣ್ಣಿನ ಮೇಲೆ ಹೊಳೆಯುವ ಗೆರೆ ಕಂಡರೆ ಸಿಂಬಳದ ಹುಳು ಇಲ್ಲವೇ ಬಸವನಹುಳುವೇ. ಅನುಮಾನವಿದ್ದರೆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋದರೆ ತಿನ್ನುತ್ತಿರುವಾಗಲೇ ಸಿಗುತ್ತದೆ.

ಬಲೆಗೆ ಅಡಿಕೆ ಹಾಳೆಗಿಂತ ಒಳ್ಳೆಯದು ಬೇರೆ ಇಲ್ಲ. ಹಾಳೆಯನ್ನು ನೆನೆಸಿ, ಪಾತಿಯ ಅಂಚಿನಲ್ಲಿ ಐದಾರು ಅಡಿಗೊಂದರಂತೆ ಕವುಚಿ ಹಾಕುತ್ತೇನೆ. ಒಂದು ಬದಿಗೆ ಸಣ್ಣ ಕಲ್ಲು ಕೊಟ್ಟು ಬೆರಳು ನುಗ್ಗುವಷ್ಟು ಸಂದು ಬಿಡಬೇಕು. ಒಳಗೆ ಆಮಿಷ: ಕಾಲು ಕಿಲೋ ಅಕ್ಕಿ ತೌಡು, 50 ಗ್ರಾಂ ಬೆಲ್ಲ, ಚಿಟಿಕೆ ಯೀಸ್ಟ್, ಉಂಡೆ ಕಟ್ಟುವಷ್ಟು ನೀರು. ರಾತ್ರಿಯಿಡೀ ಮುಚ್ಚಿಟ್ಟು ಹುಳಿ ವಾಸನೆ ಬಂದ ಮೇಲೆ ನಿಂಬೆ ಗಾತ್ರದ ಉಂಡೆ ಇಡುವುದು. ತೌಡು ಇಲ್ಲದಿದ್ದರೆ ಹಣ್ಣು ಪಪ್ಪಾಯಿ ಸಿಪ್ಪೆ, ಕೋಸಿನ ಹೊರಗಿನ ಎಲೆಯೂ ನಡೆಯುತ್ತದೆ. ಎರಡು ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಬದಲಿಸಿ.

ಹಾಳೆಯನ್ನು ಬೆಳಿಗ್ಗೆ ಏಳರೊಳಗೆ ಎತ್ತಬೇಕು. ಬಿಸಿಲೇರಿದರೆ ಹುಳು ಮಣ್ಣಿನ ಬಿರುಕಿಗೆ ಇಳಿಯುತ್ತದೆ. ದಿನವೂ ಎತ್ತುವ ವ್ಯವಧಾನ ಇಲ್ಲದವರು ಹಾಳೆ ಹಾಕಲೇಬೇಡಿ. ನೋಡದೆ ಬಿಟ್ಟ ಹಾಳೆ ಬಲೆಯಲ್ಲ, ಹುಳುವಿಗೆ ಬಾಣಂತಿ ಕೋಣೆ. ಅಡಿಯಲ್ಲಿ ಸಾಬಕ್ಕಿಯಂತೆ ಗುಂಪಾಗಿ ಮೊಟ್ಟೆ ಇದ್ದರೆ ಮಣ್ಣು ಸಮೇತ ತೆಗೆಯಿರಿ. ದೈತ್ಯ ಬಸವನಹುಳು ಒಂದೇ ಸಲಕ್ಕೆ ನೂರಕ್ಕೂ ಮೇಲೆ ಇಡುವುದರಿಂದ ಒಂದು ಗುಂಪು ಸಿಕ್ಕಿದರೂ ಲಾಭವೇ.

ಹೆಕ್ಕಲು ಕೈಗವಸು ಅಥವಾ ಇಕ್ಕುಳ ಬೇಕೇ ಬೇಕು. ಈ ಹುಳುಗಳಲ್ಲಿರುವ ಒಂದು ಪರಾವಲಂಬಿ ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಹಸಿಯಾಗಿ ತಿನ್ನುವ ಸೊಪ್ಪನ್ನೂ ಎಲೆ ಎಲೆ ಬಿಡಿಸಿ ತೊಳೆಯಿರಿ. ಹಿಡಿದದ್ದನ್ನು ಐದು ಲೀಟರ್ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿದ ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿ. ಆ ನೀರು ತೋಟಕ್ಕೆ ಬೇಡ. ಪಾತಿಗೆ ಉಪ್ಪು ಎರಚುವುದಂತೂ ಗಿಡವನ್ನೇ ಕೊಂದಂತೆ.

ಬಸಳೆ, ಹೀರೆ ಚಪ್ಪರದ ಕಂಬಕ್ಕೆ ಬೋರ್ಡೋ ಮುಲಾಮಿನ ಪಟ್ಟಿ ಹಚ್ಚುತ್ತೇನೆ. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿ, ಅಂದೇ ಹಚ್ಚಬೇಕು. ತಾಮ್ರದ ಮೇಲೆ ಹುಳು ಹತ್ತಲು ಹಿಂಜರಿಯುತ್ತದೆ. ಆದರೆ ಬಳ್ಳಿಯ ತುದಿ ನೆಲಕ್ಕೆ ತಾಗಿದ್ದರೆ ಅದನ್ನೇ ಏಣಿ ಮಾಡಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ, ಈ ಹುಳುಗಳನ್ನು ಕೊಲ್ಲುವ ಮೆಟಾಲ್ಡಿಹೈಡ್ 2.5% ವಿಷದ ಕಾಳು ಕೆಲಸ ಮಾಡುತ್ತದೆ, ಆದರೆ ನಾಯಿ ಇರುವ ಮನೆಗೆ ನಾನು ಹೇಳುವುದಿಲ್ಲ. ಧಾನ್ಯದ ವಾಸನೆಗೆ ನಾಯಿ ತಿಂದರೆ ಸೆಳವು ಬಂದು ಸಾಯಬಹುದು. ಸುರಿಮಳೆಯಲ್ಲಿ ಕಾಳು ಕರಗುವುದಲ್ಲದೆ, ಅರೆವಿಷ ತಿಂದ ಹುಳು ನೀರು ಹೀರಿ ಚೇತರಿಸಿಕೊಳ್ಳುವುದೂ ಉಂಟು. ಫೆರಿಕ್ ಫಾಸ್ಫೇಟ್ ಕಾಳು ಸಿಕ್ಕಿದರೆ ಅದೇ ವಾಸಿ. ತಿಂದ ಹುಳು ಮೇವು ಬಿಟ್ಟು ಅಡಗಿ ಸಾಯುವುದರಿಂದ ಹೆಣ ಕಾಣುವುದಿಲ್ಲ. ಔಷಧಿ ಹತ್ತಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡಿ. ಯಾವ ಕಾಳಾದರೂ ಅಂಚಿಗೆ ಸಂದು ಕೊರೆದ ಗೆರಟೆಯ ಅಡಿ ಇಟ್ಟು ಮೇಲೆ ಕಲ್ಲು ಹೇರಿದರೆ ಮಳೆಗೆ ಕೆಡುವುದಿಲ್ಲ.

ಸೊಪ್ಪಿನ ಹೊದಿಕೆಯನ್ನು ಸಸಿಯ ಬುಡದಿಂದ ಒಂದು ಗೇಣು ದೂರ ಇಡಿ. ಮಳೆ ಬಿಟ್ಟ ದಿನ ನೀರು ಹಾಕುವುದಿದ್ದರೆ ಬೆಳಿಗ್ಗೆ. ಸಂಜೆ ಹಾಕಿದರೆ ರಾತ್ರಿಯಿಡೀ ಹುಳುವಿಗೆ ಹಸಿ ದಾರಿ. ಬೀನ್ಸ್, ಬದನೆಗೆ ಐದಾರು ಎಲೆ ಬಂದು ಕಾಂಡ ಗಟ್ಟಿಯಾದರೆ ಕಾವಲು ಸಡಿಲಿಸಬಹುದು. ಹರಿವೆಗೆ ಮಾತ್ರ ಕೊನೆಯ ಕೊಯ್ಲಿನವರೆಗೂ ಹಾಳೆ ಎತ್ತುವುದು ತಪ್ಪದು.