ಮೊದಲು ಹುದ್ದೆಗೆ ಬೆಲೆ, ಆಮೇಲೆ ವ್ಯಕ್ತಿಗೆ ಅಂಕ

ನಾನು ಎಚ್‌ಆರ್ ವಿಭಾಗದ ಹೊಣೆ ಹೊತ್ತಾಗ ಆಡಳಿತ ಮಂಡಳಿ ನನ್ನಿಂದ ಕೇಳಿದ್ದು ಒಂದು ಹೊಸ ಅಪ್ರೈಸಲ್ ಫಾರ್ಮ್, ಅಂದರೆ ವರ್ಷದ ಕೆಲಸಕ್ಕೆ ಅಂಕ ಹಾಕುವ ಹಾಳೆ. ಇನ್‌ಕ್ರಿಮೆಂಟ್ ಪತ್ರ ಕೈಸೇರಿದ ಕೂಡಲೇ ಜನ ಬೇಸರಪಟ್ಟುಕೊಳ್ಳುತ್ತಾರೆ, ಒಳ್ಳೆಯ ಕೆಲಸಗಾರರೇ ಮೊದಲು ಬಿಟ್ಟುಹೋಗುತ್ತಾರೆ, ಫಾರ್ಮ್ ಬದಲಾದರೆ ಇದು ಸರಿಹೋಗಬಹುದು ಎಂಬುದು ಅವರ ನಿರೀಕ್ಷೆ. ಫಾರ್ಮ್ ಆಮೇಲೆ ನೋಡೋಣ, ಮೊದಲು ಸಂಬಳದ ಪಟ್ಟಿ ಕೊಡಿ ಎಂದೆ.

ಯಾಕೆಂದರೆ ಲೆಕ್ಕ ಹೀಗಿದೆ. ಒಂದೇ ಕೆಲಸಕ್ಕೆ ಇಬ್ಬರು ಸೇರಿದರು ಎನ್ನಿ. ಒಬ್ಬರ ಸಂಬಳ 100. ಇನ್ನೊಬ್ಬರು ಹಿಂದಿನ ಕಡೆ ಹೆಚ್ಚು ಪಡೆಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಅವರದು 120. ಇಬ್ಬರೂ ಸಮನಾಗಿ ದುಡಿದು, ಇಬ್ಬರಿಗೂ ವರ್ಷಕ್ಕೆ ಶೇ 8ರಂತೆ ಏರಿದರೆ ಹತ್ತು ವರ್ಷಕ್ಕೆ ಆ 20ರ ಅಂತರ 43 ದಾಟುತ್ತದೆ. ಮೌಲ್ಯಮಾಪನದಲ್ಲಿ ಎಳ್ಳಷ್ಟೂ ಪಕ್ಷಪಾತ ನಡೆದಿಲ್ಲ, ಆದರೂ ಅನ್ಯಾಯ ದುಪ್ಪಟ್ಟಾಗಿದೆ. ಅದು ಸೇರಿದ ದಿನವೇ ಒಳಗೆ ಬಂದು ಕೂತಿತ್ತು. ಶೇಕಡಾವಾರು ಹೆಚ್ಚಳ ಅದಕ್ಕೆ ವರ್ಷವರ್ಷವೂ ನೀರೆರೆಯಿತು.

ಪಟ್ಟಿಯಲ್ಲಿ ಕಂಡದ್ದೂ ಇದೇ. ಚೌಕಾಸಿ ಮಾಡಬಲ್ಲವರಿಗೆ ಒಂದು ಸಂಬಳ, ಕೊಟ್ಟದ್ದನ್ನು ಒಪ್ಪಿಕೊಂಡವರಿಗೆ ಇನ್ನೊಂದು. ಮನೆಯ ಕಾರಣಕ್ಕೆ ಕೆಲವು ಕಾಲ ಕೆಲಸ ಬಿಟ್ಟು ಮರಳಿದ ಮಹಿಳೆಯರು ಬಹುತೇಕ ತಳದಲ್ಲಿದ್ದರು. ಹಾಗಾಗಿ ನಾವು ಮೊದಲು ಅಳೆದದ್ದು ಜನರನ್ನಲ್ಲ, ಹುದ್ದೆಗಳನ್ನು.

ಇದು ಹೊಸ ಆಲೋಚನೆಯೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 100ನೇ ಒಡಂಬಡಿಕೆ ಸಮಾನ ಮೌಲ್ಯದ ಕೆಲಸಕ್ಕೆ ಪುರುಷರಿಗೂ ಮಹಿಳೆಯರಿಗೂ ಸಮಾನ ವೇತನ ಕೊಡಬೇಕು ಎನ್ನುತ್ತದೆ. ಮಾಡಬೇಕಾದ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ಹುದ್ದೆಗಳನ್ನು ವಸ್ತುನಿಷ್ಠವಾಗಿ ಅಳೆಯಬೇಕು ಎಂದೂ ಅದರಲ್ಲಿದೆ. ‘ಒಂದೇ ಕೆಲಸ’ ಅನ್ನುವುದಕ್ಕಿಂತ ‘ಸಮಾನ ಮೌಲ್ಯದ ಕೆಲಸ’ ಅನ್ನುವುದು ಬಹಳ ದೊಡ್ಡ ಮಾತು. ಗೋದಾಮಿನ ಮೇಲ್ವಿಚಾರಕರನ್ನೂ ಗ್ರಾಹಕರ ದೂರು ಕೇಳುವ ತಂಡದ ಮುಖ್ಯಸ್ಥರನ್ನೂ ಒಂದೇ ಅಳತೆಗೋಲಿನಲ್ಲಿ ನೋಡಬೇಕಾಗುತ್ತದೆ.

ನಾವು ಬಳಸಿದ್ದು ಪಾಯಿಂಟ್ ಪದ್ಧತಿ. ಕೌಶಲ, ಶ್ರಮ, ಹೊಣೆಗಾರಿಕೆ, ಕೆಲಸದ ಪರಿಸರ ಎಂಬ ನಾಲ್ಕು ಅಂಶ. ಒಂದೊಂದಕ್ಕೂ ಮೊದಲೇ ಗೊತ್ತುಮಾಡಿದ ತೂಕ. ಒಂದೊಂದರಲ್ಲೂ ಕೆಲವು ಮಟ್ಟ. ಹುದ್ದೆಯಲ್ಲಿ ಕೂತವರೊಡನೆ ಮಾತಾಡಿ ಅವರು ನಿಜವಾಗಿ ಏನು ಮಾಡುತ್ತಾರೆ ಎಂದು ಬರೆದುಕೊಂಡೆವು. ನಂತರ ಬೇರೆ ಬೇರೆ ವಿಭಾಗದವರಿದ್ದ ಸಮಿತಿ, ಹುದ್ದೆಯಲ್ಲಿರುವವರ ಹೆಸರು ತೋರಿಸದೆ, ವಿವರಣೆಯನ್ನಷ್ಟೇ ಓದಿ ಅಂಕ ಕೊಟ್ಟಿತು. ತೂಕ ಗೊತ್ತುಮಾಡುವ ಹಂತದಲ್ಲೇ ಹೆಚ್ಚು ಹೊತ್ತು ಕೂರಬೇಕು. ಭಾರ ಎತ್ತುವುದನ್ನು ಶ್ರಮ ಎಂದು ಎಲ್ಲರೂ ಒಪ್ಪುತ್ತಾರೆ. ದಿನವಿಡೀ ಸಿಟ್ಟಿನಲ್ಲಿರುವ ಗ್ರಾಹಕರನ್ನು ಸಮಾಧಾನಪಡಿಸುವುದು ಶ್ರಮವೆಂದು ಒಪ್ಪಿಸಲು ವಾದಿಸಬೇಕಾಯಿತು. ಯಂತ್ರದ ಹೊಣೆಗೆ ಅಂಕವಿದೆ, ಇನ್ನೊಬ್ಬರ ಖಾಸಗಿ ಮಾಹಿತಿ ಕಾಯುವ ಹೊಣೆಗೆ ಯಾಕಿಲ್ಲ? ಕಣ್ಣಿಗೆ ಕಾಣದ ಶ್ರಮ ಹೆಚ್ಚಾಗಿ ಮಹಿಳೆಯರೇ ಇರುವ ಹುದ್ದೆಗಳಲ್ಲಿರುತ್ತದೆ. ಅದಕ್ಕೆ ಜಾಗ ಇಡದ ಪಟ್ಟಿಗೆ ವಸ್ತುನಿಷ್ಠ ಎಂದು ಹೆಸರಿಟ್ಟರೆ ಹಳೆಯ ಅಂತರಕ್ಕೇ ಮೊಹರು ಒತ್ತಿದಂತೆ. ಹತ್ತಿರದ ಅಂಕ ಬಂದ ಹುದ್ದೆಗಳನ್ನು ಒಂದೊಂದು ಗ್ರೇಡಿಗೆ ಸೇರಿಸಿದೆವು; ದೂರು ವಿಭಾಗದ ಹುದ್ದೆ ಆ ಸುತ್ತಿನಲ್ಲಿ ಒಂದು ಗ್ರೇಡ್ ಮೇಲೆ ಹೋಯಿತು.

ಗ್ರೇಡ್ ಆದ ಮೇಲೆ ಸಂಬಳದ ಶ್ರೇಣಿ. ಮಾರುಕಟ್ಟೆಯ ವೇತನ ಸಮೀಕ್ಷೆಯಿಂದ ನಾವು ತೆಗೆದುಕೊಂಡದ್ದು ಮಧ್ಯಾಂಕ (ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವುದು), ಸರಾಸರಿಯಲ್ಲ; ನಾಲ್ಕಾರು ದೊಡ್ಡ ಸಂಬಳ ಸೇರಿದರೆ ಸರಾಸರಿ ಮೇಲೆ ಜಿಗಿಯುತ್ತದೆ, ಮಧ್ಯಾಂಕ ಅಷ್ಟು ಸುಲಭವಾಗಿ ಅಲುಗುವುದಿಲ್ಲ. ಅದೇ ಪ್ರತಿ ಗ್ರೇಡಿನ ನಡುಬಿಂದು. ಅದನ್ನು 100 ಎಂದಿಟ್ಟುಕೊಂಡರೆ ತಳ 80, ತುದಿ 120. ಯಾರದೇ ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅವರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ಇದಕ್ಕೆ ಕಂಪಾ ರೇಶಿಯೋ ಅನ್ನುತ್ತಾರೆ. ಇಷ್ಟು ಚಿಕ್ಕ ಲೆಕ್ಕ, ಆದರೆ ಇಡೀ ಕಂಪನಿಯ ಜನರನ್ನು ಹೀಗೆ ಒಂದು ಹಾಳೆಯ ಮೇಲೆ ಹರಡಿದಾಗ ಮಂಡಳಿಯವರೇ ಮೌನವಾದರು.

80ಕ್ಕಿಂತ ಕೆಳಗಿದ್ದವರನ್ನು ಮೊದಲು ತಳಕ್ಕೆ ಎತ್ತಬೇಕು, ಅದಕ್ಕೆ ವಾರ್ಷಿಕ ಇನ್‌ಕ್ರಿಮೆಂಟಿನ ಹಣ ಮುಟ್ಟಬಾರದು ಎಂದು ನಾನು ಪಟ್ಟುಹಿಡಿದೆ. ಹಣಕಾಸು ಮುಖ್ಯಸ್ಥರು ಒಪ್ಪಲಿಲ್ಲ.

‘ಮೇಡಂ, ಎರಡೂ ಒಂದೇ ದುಡ್ಡು. ಈ ವರ್ಷ ಅವರಿಗೇ ಹೆಚ್ಚು ಇನ್‌ಕ್ರಿಮೆಂಟ್ ಕೊಟ್ಟರಾಯಿತು.’

‘ಇಲ್ಲ ಸರ್. ಇಷ್ಟು ವರ್ಷ ಕಡಿಮೆ ಕೊಟ್ಟದ್ದನ್ನು ತುಂಬಿಕೊಡುವುದು ಬೇರೆ, ಈ ವರ್ಷದ ಕೆಲಸಕ್ಕೆ ಮೆಚ್ಚುಗೆ ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಅವರ ಕೆಲಸಕ್ಕೆ ಏನೂ ಸಿಕ್ಕ ಹಾಗಾಗುವುದಿಲ್ಲ.’

ಕೊನೆಗೆ ಎರಡು ಕಂತಿನಲ್ಲಿ, ಬೇರೆಯ ನಿಧಿಯಿಂದ ಕೊಡುವುದೆಂದಾಯಿತು. 120 ಮೀರಿದ್ದವರ ಸಂಬಳ ಕಡಿತ ಮಾಡಲಿಲ್ಲ. ಶ್ರೇಣಿ ಏರಿ ಅವರನ್ನು ಮುಟ್ಟುವ ತನಕ ಮೂಲವೇತನ ಅಲ್ಲೇ ನಿಲ್ಲುತ್ತದೆ, ಒಳ್ಳೆಯ ಕೆಲಸಕ್ಕೆ ಆ ವರ್ಷದ ಮಟ್ಟಿಗೆ ಇಡಿಗಂಟು ಸಿಗುತ್ತದೆ. ಹೊಸದಾಗಿ ಸೇರುವವರಿಗೆ ಹಿಂದಿನ ಸಂಬಳ ಎಷ್ಟಿತ್ತು ಎಂದು ಕೇಳುವುದನ್ನು ಪೂರ್ತಿ ನಿಲ್ಲಿಸಿದೆವು. ನನ್ನನ್ನು ಕೇಳಿದರೆ, ಯಾವ ಫಾರ್ಮಿಗಿಂತಲೂ ಹೆಚ್ಚು ನ್ಯಾಯ ತಂದದ್ದು ಈ ಒಂದು ನಿಯಮ.

ಇಷ್ಟಾದ ಮೇಲೆ ಅಪ್ರೈಸಲ್ ಕೈಗೆತ್ತಿಕೊಂಡೆವು. ಒಬ್ಬರು ಇನ್ನೊಬ್ಬರಿಗೆ ಅಂಕ ಕೊಡುವಾಗ ಏನಾಗುತ್ತದೆ ಎಂಬುದು ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಒಂದು ಗುಣ ಮೆಚ್ಚಿಗೆಯಾದರೆ ಉಳಿದ ಗುಣಗಳಿಗೂ ಅಂಕ ಏರುತ್ತದೆ ಎಂದು ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳ ಮೌಲ್ಯಮಾಪನ ನೋಡಿ 1920ರಲ್ಲೇ ಬರೆದಿದ್ದರು. ಮ್ಯಾನೇಜರುಗಳಿಗೆ ಇತರರು ಕೊಟ್ಟ ರೇಟಿಂಗ್‌ಗಳನ್ನು ಬಿಡಿಸಿ ನೋಡಿದ 2000ನೇ ಇಸವಿಯ ಒಂದು ಅಧ್ಯಯನದಲ್ಲಿ ಅಂಕಗಳ ಏರಿಳಿತದ ಅರ್ಧಕ್ಕಿಂತ ಹೆಚ್ಚು ಭಾಗ ಅಂಕ ಕೊಟ್ಟವರ ಸ್ವಂತ ರೀತಿಯಿಂದ ಬಂದದ್ದೆಂದು ಕಂಡಿತು. ಅಂದರೆ ರೇಟಿಂಗ್ ಓದುವಾಗ ನಾವು ಬಹುಪಾಲು ಅಂಕ ಕೊಟ್ಟವರನ್ನೇ ಓದುತ್ತಿರುತ್ತೇವೆ.

ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕೆಂಬ ಕಡ್ಡಾಯ ಹಂಚಿಕೆ ಇದಕ್ಕೆ ಮದ್ದು ಎಂದು ಹೇಳುವವರಿದ್ದಾರೆ. ನಮ್ಮಲ್ಲೂ ಹೇಳಿದರು. ಮೈಕ್ರೋಸಾಫ್ಟ್ 2013ರಲ್ಲಿ ಅದನ್ನು ಕೈಬಿಟ್ಟಿತು. ಎಂಟು ಜನರ ಒಳ್ಳೆಯ ತಂಡದಲ್ಲಿ ಒಬ್ಬರನ್ನು ‘ಕಳಪೆ’ ಎಂದು ಬರೆಯಲೇಬೇಕಾದರೆ ಅದು ಸುಳ್ಳು ಬರೆಯಿಸುವ ನಿಯಮ. ನಾನು ಅದಕ್ಕೆ ಸಹಿ ಹಾಕಲಿಲ್ಲ.

ನಾವು ಮಾಡಿದ್ದು ಗುಣವಾಚಕಗಳನ್ನು ತೆಗೆದದ್ದು. ‘ಸಹಕಾರ ಮನೋಭಾವ’ದ ಮುಂದೆ ಒಂದರಿಂದ ಐದರ ವರೆಗೆ ಸುತ್ತುಹಾಕುವ ಬದಲು ಪ್ರತಿ ಅಂಕಕ್ಕೂ ನಡವಳಿಕೆ ಬರೆದೆವು. ಮೂರು ಅಂದರೆ, ಬೇರೆ ವಿಭಾಗ ಕೇಳಿದ ಮಾಹಿತಿಯನ್ನು ಹೇಳಿದ ದಿನಕ್ಕೆ ಕೊಡುತ್ತಾರೆ, ತಡವಾಗುವುದಿದ್ದರೆ ಮೊದಲೇ ತಿಳಿಸುತ್ತಾರೆ. ಐದು ಅಂದರೆ, ಕೇಳುವ ಮೊದಲೇ ಆ ವಿಭಾಗಕ್ಕೆ ಬರಲಿರುವ ತೊಂದರೆ ಗಮನಿಸಿ ಹೇಳುತ್ತಾರೆ. ಇದಕ್ಕೆ ಪುರಾವೆಯಾಗಿ ಮ್ಯಾನೇಜರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಬಗ್ಗೆ ಎರಡು ಸಾಲು ಬರೆದಿಡಬೇಕು: ಯಾವ ಸಂದರ್ಭ, ಏನು ಮಾಡಿದರು, ಏನಾಯಿತು. ಬರೆದಿಡದಿದ್ದರೆ ವರ್ಷದ ಕೊನೆಗೆ ನೆನಪಿನಲ್ಲಿ ಉಳಿಯುವುದು ಕೊನೆಯ ಎರಡು ತಿಂಗಳು ಮಾತ್ರ.

ಸಂಖ್ಯೆಯಲ್ಲಿ ಅಳೆಯಬಹುದಾದ ಕೆಲಸಗಳಲ್ಲಿ ಇದು ಬೇಕಿಲ್ಲ ಎಂದು ಕೆಲವರು ವಾದಿಸಿದರು. ದೂರು ವಿಭಾಗದಲ್ಲಿ ದಿನಕ್ಕೆ ಎಷ್ಟು ಕರೆ ಎಂಬುದೇ ಅಳತೆಯಾಗಿತ್ತು. ಅಲ್ಲಿ ಒಬ್ಬರ ಅಂಕ ಪ್ರತಿ ವರ್ಷವೂ ಕೆಳಗೆ. ಅವರ ಕರೆಗಳು ಉದ್ದ. ನಾನು ಆ ಕರೆಗಳನ್ನು ಕೂತು ಕೇಳಿದೆ, ಆಮೇಲೆ ಅದೇ ಗ್ರಾಹಕರು ಅದೇ ವಾರ ಮತ್ತೆ ಕರೆ ಮಾಡಿದ್ದಾರೆಯೇ ಎಂದು ದಾಖಲೆ ತೆಗೆಸಿದೆ. ಇವರ ಗ್ರಾಹಕರು ಮರಳಿ ಕರೆ ಮಾಡುವುದು ಅಪರೂಪ. ಪಟ್ಟಿಯ ತುದಿಯಲ್ಲಿದ್ದವರ ಗ್ರಾಹಕರು ಎರಡು ಮೂರು ಸಲ ಕರೆ ಮಾಡುತ್ತಿದ್ದರು. ಆ ಪ್ರತಿ ಕರೆಯೂ ಅವರ ಲೆಕ್ಕಕ್ಕೋ ಪಕ್ಕದವರ ಲೆಕ್ಕಕ್ಕೋ ಇನ್ನೊಂದು ಅಂಕವಾಗಿ ಸೇರುತ್ತಿತ್ತು. ಕೆಟ್ಟ ಕೆಲಸವೇ ಅಂಕ ಹುಟ್ಟಿಸುವ ಅಳತೆ ಅದು. ಅಳತೆಯನ್ನೇ ಗುರಿ ಮಾಡಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇದು ಅದರ ಜೀವಂತ ಉದಾಹರಣೆ. ಕರೆಗಳ ಸಂಖ್ಯೆಯ ಪಕ್ಕದಲ್ಲಿ ಮರುಕರೆಯ ಪ್ರಮಾಣವನ್ನೂ ಇಟ್ಟೆವು. ಅವರ ಅಂಕ ಸರಿಯಾಯಿತು, ಅದಕ್ಕಿಂತ ಮುಖ್ಯವಾಗಿ ಉಳಿದವರು ಗ್ರಾಹಕರ ಮಾತನ್ನು ಪೂರ್ತಿ ಕೇಳಲು ಶುರುಮಾಡಿದರು.

ಮ್ಯಾನೇಜರುಗಳು ಒಟ್ಟು ಕೂತು ರೇಟಿಂಗ್ ಹೊಂದಿಸುವ ಸಭೆಗೆ ಎರಡೇ ನಿಯಮ. ಹಿರಿಯ ಅಧಿಕಾರಿ ಕೊನೆಗೆ ಮಾತಾಡಬೇಕು. ಸ್ವಭಾವದ ಬಗ್ಗೆ ಯಾರೇ ಮಾತೆತ್ತಿದರೂ ಘಟನೆ ಹೇಳಬೇಕು. ‘ಆಕೆ ಸ್ವಲ್ಪ ಗಡಸು’ ಎಂದು ಒಬ್ಬರು ಹೇಳಿದಾಗ ಘಟನೆ ಯಾವುದು ಎಂದು ಕೇಳಿದೆ. ಗಡುವು ಮೀರಿದ ಪೂರೈಕೆದಾರರಿಗೆ ಕಟ್ಟುನಿಟ್ಟಾಗಿ ಬರೆದದ್ದು. ಅದೇ ಸಭೆಯಲ್ಲಿ ಅದೇ ಕೆಲಸಕ್ಕೆ ಇನ್ನೊಬ್ಬರ ಹೆಸರಿನ ಮುಂದೆ ‘ದೃಢ ನಿರ್ಧಾರ’ ಎಂದು ಬರೆದಿತ್ತು. ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

ಕೆಲಸದ ಬಗ್ಗೆ ಮಾತು ಮತ್ತು ಸಂಬಳದ ಬಗ್ಗೆ ಮಾತು ಬೇರೆ ಬೇರೆ ತಿಂಗಳಲ್ಲಿ ನಡೆಯುತ್ತವೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಡೆದು 1965ರಲ್ಲಿ ಪ್ರಕಟವಾದ ಅಧ್ಯಯನವೇ ಈ ಎರಡನ್ನೂ ಬೇರ್ಪಡಿಸಿ ಎಂದಿತ್ತು. ಎಷ್ಟು ಏರಿತು ಎಂದು ತಿಳಿಯಲು ಕಾಯುತ್ತಿರುವವರ ಕಿವಿಗೆ ಸಲಹೆ ಇಳಿಯುವುದಿಲ್ಲ. ಹೆಚ್ಚಳವನ್ನೂ ರೇಟಿಂಗ್ ಒಂದೇ ತೀರ್ಮಾನಿಸುವುದಿಲ್ಲ. ರೇಟಿಂಗ್ ಒಂದು ಕಡೆ, ಶ್ರೇಣಿಯಲ್ಲಿನ ಸ್ಥಾನ ಇನ್ನೊಂದು ಕಡೆ ಇರುವ ಕೋಷ್ಟಕ ಮಾಡಿದೆವು. ಒಂದೇ ಒಳ್ಳೆಯ ರೇಟಿಂಗಿಗೆ 85ರಲ್ಲಿ ಇರುವವರಿಗೆ ಶೇ 9, 112ರಲ್ಲಿ ಇರುವವರಿಗೆ ಶೇ 4. ಮೇಲಿರುವವರಿಗೆ ಇದು ರುಚಿಸುವುದಿಲ್ಲ, ನಿಜ. ಅವರಿಗೆ ಈ ಗ್ರೇಡಿನ ಬೆಲೆ ಸಂದಿದೆ, ಮುಂದಿನ ದಾರಿ ಬಡ್ತಿ ಎಂದು ನೇರವಾಗಿ ಹೇಳುತ್ತೇವೆ.

ಸವಲತ್ತುಗಳ ಬಗ್ಗೆ ನನ್ನ ನಿಲುವು ಖಚಿತ: ಕಾಯಿಲೆ ಗ್ರೇಡ್ ನೋಡಿ ಬರುವುದಿಲ್ಲ. ಆರೋಗ್ಯ ವಿಮೆಯ ಮೊತ್ತ ಸಂಬಳದ ಇಷ್ಟು ಪಟ್ಟು ಎಂದಿದ್ದುದನ್ನು ತೆಗೆದು ಎಲ್ಲರಿಗೂ ಒಂದೇ ಮೊತ್ತ ಮಾಡಿಸಿದೆ. ಆಸ್ಪತ್ರೆಯ ಬಿಲ್ಲಿಗೆ ಕೈಯಲ್ಲಿ ಉಳಿತಾಯ ಇಲ್ಲದವರಿಗೇ ಕಡಿಮೆ ವಿಮೆ ಎಂಬ ಪದ್ಧತಿ ನನಗೆ ಯಾವತ್ತೂ ಅರ್ಥವಾಗಿಲ್ಲ. ಅನಾರೋಗ್ಯದ ರಜೆಯೂ ಎಲ್ಲರಿಗೂ ಸಮ. ಹೆರಿಗೆ ರಜೆ, ದೀರ್ಘ ಚಿಕಿತ್ಸೆಯ ರಜೆಯಲ್ಲಿದ್ದವರನ್ನು ಅವರು ಕೆಲಸ ಮಾಡಿದ ತಿಂಗಳುಗಳ ಮೇಲಷ್ಟೇ ಅಳೆಯಬೇಕು, ಗುರಿಯನ್ನೂ ಆ ಪ್ರಮಾಣಕ್ಕೆ ಇಳಿಸಬೇಕು. ಇವಿಷ್ಟೂ ಭದ್ರವಾದ ಮೇಲೆ ಉಳಿದ ಹಣದಲ್ಲಿ ಮಕ್ಕಳ ಪಾಲನೆ, ತರಬೇತಿ, ಹೆಚ್ಚುವರಿ ರಜೆ ಇವುಗಳಲ್ಲಿ ಬೇಕಾದ್ದು ಆರಿಸಿಕೊಳ್ಳಲಿ.

ಎಲ್ಲರಿಗೂ ಈಗ ಒಂದು ಹಾಳೆ ಸಿಗುತ್ತದೆ. ಅದರಲ್ಲಿ ಅವರ ಗ್ರೇಡ್, ಆ ಗ್ರೇಡಿನ ತಳ ಮತ್ತು ತುದಿ, ಅವರ ಸ್ಥಾನ, ಹೆಚ್ಚಳದ ಕಾರಣ ಇರುತ್ತವೆ. ಜಗಳ ಹೆಚ್ಚುತ್ತದೆ ಎಂದು ಮ್ಯಾನೇಜರುಗಳು ಹೆದರಿದ್ದರು. ಪ್ರಶ್ನೆಗಳು ಹೆಚ್ಚಿದವು, ಅದು ಬೇಕಾದದ್ದೇ. ಒಬ್ಬ ಲೆಕ್ಕಿಗರು ಹಾಳೆ ಹಿಡಿದು ಬಂದು, ‘ಮೇಡಂ, ಅಂಕದ ಬಗ್ಗೆ ನನ್ನ ತಕರಾರಿಲ್ಲ. ಈ ಹುದ್ದೆಯ ವಿವರಣೆ ನಾನು ಈಗ ಮಾಡುವ ಕೆಲಸದ್ದಲ್ಲ’ ಎಂದರು. ತಂಡ ಕುಗ್ಗಿದ ಮೇಲೆ ತೆರಿಗೆ ವರದಿಯ ಹೊಣೆಯೂ ಅವರ ಮೇಲೆ ಬಿದ್ದಿತ್ತು, ಕಾಗದದಲ್ಲಿ ಎಲ್ಲೂ ಇರಲಿಲ್ಲ. ಸಮಿತಿ ಮತ್ತೆ ಕೂತು ಗ್ರೇಡ್ ಬದಲಿಸಿತು, ಹೊಣೆ ವಹಿಸಿಕೊಂಡ ತಿಂಗಳಿಂದ ಬಾಕಿ ಕೊಟ್ಟೆವು.

ಇನ್‌ಕ್ರಿಮೆಂಟ್ ಪತ್ರಗಳು ಹೊರಡುವ ಮೊದಲು ಈಗ ಒಂದು ಪರಿಶೀಲನೆ ಕಡ್ಡಾಯ. ಗ್ರೇಡ್ ಗ್ರೇಡಿಗೂ ಮಹಿಳೆಯರು, ಪುರುಷರು, ಅರೆಕಾಲಿಕರು, ಆ ವರ್ಷ ದೀರ್ಘ ರಜೆ ಪಡೆದವರು ಎಂದು ವಿಂಗಡಿಸಿ ರೇಟಿಂಗ್ ಮತ್ತು ಕಂಪಾ ರೇಶಿಯೋ ಎರಡನ್ನೂ ಹೋಲಿಸುತ್ತೇವೆ. ಕಳೆದ ಸುತ್ತಿನಲ್ಲಿ ಒಂದು ವಿಭಾಗದ ಅರೆಕಾಲಿಕರೆಲ್ಲರ ರೇಟಿಂಗ್ ಒಂದು ಮೆಟ್ಟಿಲು ಕೆಳಗಿತ್ತು. ತಿಂಗಳ ಟಿಪ್ಪಣಿ ತೆಗೆಸಿ ನೋಡಿದರೆ ಅದಕ್ಕೆ ತಕ್ಕ ಘಟನೆಗಳೇ ಇಲ್ಲ. ಆ ವಿಭಾಗದ ಪತ್ರಗಳನ್ನು ತಡೆಹಿಡಿದು, ರೇಟಿಂಗ್‌ಗಳನ್ನು ಮ್ಯಾನೇಜರಿಗೆ ವಾಪಸ್ ಕಳಿಸಿದೆವು.